ನೀಲಮ್ಮನ ಹೆಸರಿನ ಚೌಕಗಳು

ಶಹಾಪುರದ ಸಿದ್ರಾಮಪ್ಪ ಕಾಕಾ ಅಕ್ಷರ ಬರೆಯುತ್ತಿರಲಿಲ್ಲ, ಒತ್ತುತ್ತಿದ್ದ. ಅಂಗೈಯಲ್ಲಿ ಹಿಡಿಸುವ ಚೌಕನೆಯ ಕಟ್ಟಿಗೆ ತುಂಡು, ಅದರ ತಳಕ್ಕೆ ಸ್ಪಂಜು. ಬಣ್ಣದಲ್ಲಿ ಅದ್ದಿ ತಗಡಿನ ಬೋರ್ಡಿನ ಮೇಲೆ ಚೌಕದ ಪಕ್ಕ ಚೌಕ ಒತ್ತುತ್ತ ಹೋದರೆ, ನಮ್ಮ ದುಂಡು ದುಂಡು ಕನ್ನಡ ಅಕ್ಷರಗಳು ಮೆಟ್ಟಿಲು ಮೆಟ್ಟಿಲಾಗಿ, ಪೈಲ್ವಾನರಂತೆ ಎದೆ ಉಬ್ಬಿಸಿ ನಿಲ್ಲುತ್ತಿದ್ದವು.

ಮೊದಲು ಹೀಗಿರಲಿಲ್ಲ. ಕಾಲುವೆಗೆ ನೀರು ಬಂದು ಊರ ತುಂಬ ಬೀಜ-ಗೊಬ್ಬರದ ಅಂಗಡಿಗಳು ಎದ್ದಾಗ ಅವುಗಳ ಬೋರ್ಡೆಲ್ಲ ಇವನ ಕುಂಚದವೇ, ಬಳ್ಳಿಯಂಥ ಬಾಗು. ಲಕ್ವಾ ಹೊಡೆದ ಮೇಲೆ ಬಲಗೈ ನಡುಗತೊಡಗಿ ಆ ಬಾಗು ಹೋಯಿತು. ಮನೆ ಹಿಡಿದು ಕೂತವನಿಗೆ ಆ ಕಟ್ಟಿಗೆ ತುಂಡು ಕೊಯ್ಸಿ ತಂದುಕೊಟ್ಟವಳು ಹಳೆ ಬಟ್ಟೆಯ ಚೂರು ಜೋಡಿಸಿ ಕೌದಿ ಹೊಲಿಯುತ್ತಿದ್ದ ಅವನ ಹೆಂಡತಿ, ನಮ್ಮ ನೀಲಮ್ಮ ಕಾಕು.

"ಚೌಕ ಚೌಕ ಅರಿಬಿ ಹಚ್ಚಿ ನಾ ಕೌದ್ಯಾಗ ಹೂವಾ ಮಾಡೂದಿಲ್ಲೇನು? ನೀವು ಅಕ್ಷರ ಮಾಡ್ರಿ," ಅಂದಳಂತೆ.

ಅವನು ಒತ್ತುವಾಗ ಅವಳು ಮಣಿಕಟ್ಟು ಹಿಡಿಯುತ್ತಿದ್ದಳು. ಒಂದು ಚೌಕವೂ ಸಾಲು ತಪ್ಪುತ್ತಿರಲಿಲ್ಲ.

ಜನ ಸುಮ್ಮನಿರಬೇಕಲ್ಲ! ಹತ್ತಿರದ ಗೋಗಿ ಊರಿನಿಂದ ಬೋರ್ಡು ಒಯ್ಯಲು ಬಂದ ಕಿರಾಣಿ ಅಂಗಡಿಯವ, "ಕಾಕಾ, ಇವು ಅಕ್ಷರ ಅದಾವೋ ಇಟ್ಟಂಗಿ ಅದಾವೋ?" ಅಂದ.

"ಇಟ್ಟಂಗೀನ ಅದಾವ. ನಿನ್ನ ಅಂಗಡಿ ಬಿದ್ರೂ ಹೆಸರು ಬೀಳೂದಿಲ್ಲ, ಒಯ್ಯಿ!"

ಕಾಕು ಮಣಿಕಟ್ಟು ಬಿಡದೆಯೇ ನಕ್ಕಳು.

ಆ ಕಾಕು ತೀರಿಕೊಂಡಳು. ಸಮಾಧಿಗೆ ಮಷೀನಿನಿಂದ ಹೆಸರು ಕೊರೆದ ಕಲ್ಲು ತರಿಸುತ್ತೇನೆಂದ ಮಗ. ಕಾಕಾ ಕೇಳಲಿಲ್ಲ.

"ಊರ ಮಂದೀದೆಲ್ಲ ಹೆಸರು ಬರದೀನಿ. ಆಕೀದೊಂದ ಬರದಿಲ್ಲ."

ಬಣ್ಣದ ಡಬ್ಬಿ ಹಿಡಿದು ಪಕ್ಕದ ಮನೆಯ ನಾನೂ ಜೊತೆಗೆ ಹೋದೆ. ಸಮಾಧಿಯ ಸಿಮೆಂಟಿನ ಕಟ್ಟೆಯ ಮುಂದೆ ಕೂತು ತುಂಡು ಅದ್ದಿದ. ಕೈ ಗಡಗಡ ನಡುಗಿತು. ನಾನು ಮಣಿಕಟ್ಟಿಗೆ ಕೈ ಚಾಚಿದೆ.

"ಬ್ಯಾಡಪಾ. ಅದು ಆಕಿ ಹಿಡದ ಜಾಗಾ."

ಒಬ್ಬನೇ ಒತ್ತಿದ. ಚೌಕಗಳು ಒಂದರ ಮೇಲೊಂದು ಏರಿದವು, ನಡುವೆ ಸಂದು ಬಿಟ್ಟವು. ಕೊನೆಯ ಅಕ್ಷರ ಕೆಳಕ್ಕೆ ಜಾರಿಯೇ ಬಿಟ್ಟಿತು. ಬಣ್ಣ ಇನ್ನೂ ಹಸಿ ಇತ್ತು. "ಒರೆಸಿ ಮತ್ತೊಮ್ಮೆ ಒತ್ತೂಣೇನ್ರಿ ಕಾಕಾ?" ಅಂದೆ.

ಕಟ್ಟಿಗೆ ತುಂಡನ್ನು ಡಬ್ಬಿಯ ಪಕ್ಕಕ್ಕಿಟ್ಟ.

"ಇರ್ಲಿ ಬಿಡು. ಆಕಿ ಇಲ್ಲಂತ ನೋಡಿದವ್ರಿಗೆ ಗೊತ್ತಾಗ್ಲಿ."

ಮುಂದೆ ಅವನು ಯಾವ ಬೋರ್ಡನ್ನೂ ಮುಟ್ಟಲಿಲ್ಲ. ಈಗ ಅವಳ ಪಕ್ಕದಲ್ಲೇ ಮಲಗಿದ್ದಾನೆ. ಮಗ ತರಿಸಿದ ಕಲ್ಲಿನಲ್ಲಿ ಅವನ ಹೆಸರು ಎಷ್ಟು ನುಣುಪಾಗಿ ಕೊರೆದಿದೆಯೆಂದರೆ, ಬೇರೆ ಯಾರದೋ ಅನ್ನಿಸುತ್ತದೆ.