ತಕ್ಕಡಿ ಸಿಕ್ಕಿದ್ದು ಅವಳಿಗೆ

ಸುಬೇದಾರರು ತಮ್ಮ ಹಳೆಯ ತಕ್ಕಡಿಯನ್ನು ನನ್ನ ಹೆಂಡತಿಗೆ ಕೊಟ್ಟ ಶನಿವಾರ ನಾನು ಪಕ್ಕದಲ್ಲೇ ನಿಂತಿದ್ದೆ. ರೈಫಲ್ ಕ್ಲಬ್ಬಿನ ಹೊರಕಟ್ಟೆಯ ಮೇಲೆ ಮರದ ಪೆಟ್ಟಿಗೆಯೊಂದನ್ನಿಟ್ಟು, ಕೊಂಡಿ ತೆಗೆದು, "ಇದು ನಿಮಗ ರೀ, ಬಾಯಾರ. ನನ್ನ ಕಣ್ಣಿಗೆ ಈಗ ಇದರ ಗೀಟು ಕಾಣಂಗಿಲ್ಲ" ಎಂದರು. ಒಳಗೆ ಹಸಿರು ಬಣ್ಣದ ಎರಕದ ಪೀಠ, ಅದರ ಮೇಲೆ ಗೀಟು ಕೊರೆದ ತೆಳ್ಳನೆಯ ದಂಡಿಗೆ, ಒಂದು ತುದಿಗೆ ತೂಗುಬಿದ್ದ ಹಿತ್ತಾಳೆಯ ಪುಟ್ಟ ಬಟ್ಟಲು. ನಾನೂ ಬಗ್ಗಿ ನೋಡಿ "ಭಾಳ ಚೊಲೋ ಅದ" ಎಂದೆ. ಆ ಮಾತಿನೊಳಗಿದ್ದ ಹಸಿಮೆಣಸಿನಕಾಯಿಯ ಖಾರ ನನಗೊಬ್ಬನಿಗೇ ಗೊತ್ತಾಯಿತು.

ಆ ಕ್ಲಬ್ಬಿಗೆ ಮೊದಲು ಸೇರಿದವನು ನಾನು. ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಸಿವಿಲ್ ವಕೀಲಿ ನನ್ನ ಕಸುಬು. ರಕ್ತದೊತ್ತಡ ಏರಿದಾಗ ಡಾಕ್ಟರು, ಮನಸ್ಸನ್ನು ಒಂದು ಕಡೆ ನಿಲ್ಲಿಸುವಂಥ ಹವ್ಯಾಸ ಹಿಡಿಯಿರಿ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಧ್ಯಾನ. ನಾನು ಹಿಡಿದದ್ದು ಏರ್ ರೈಫಲ್. ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಶನಿವಾರ ನನ್ನ ಜೊತೆ ಬಂದರೂ ನನ್ನನ್ನು ಕ್ಲಬ್ಬಿನಲ್ಲಿ ಬಿಟ್ಟು ತಾನು ಮಾರುಕಟ್ಟೆಗೆ ಹೋಗುತ್ತಿದ್ದಳು. ಒಂದು ಮಳೆಗಾಲದಲ್ಲಿ ರಸ್ತೆಯೆಲ್ಲ ನೀರಾಗಿ, ಬೇರೆ ದಾರಿಯಿಲ್ಲದೆ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಅಲ್ಲಿ ಎಲ್ಲರಿಗೂ ಕಲಿಸುತ್ತಿದ್ದವರು ಈ ಸುಬೇದಾರರು. ಬೆಳಗಾವಿ ಕಡೆಯವರು, ಸೈನ್ಯದ ಶೂಟಿಂಗ್ ತಂಡದಲ್ಲಿದ್ದವರು, ನಿವೃತ್ತರಾಗಿ ಊರಾಚೆಯ ದೇಹೂ ರೋಡಿನಲ್ಲಿ ಒಬ್ಬರೇ ಇದ್ದರು. "ಸುಮ್ನ ಯಾಕ ಕುಂತೀರಿ? ಒಂದ್ಸಲ ಹಿಡದು ನೋಡ್ರಿ" ಎಂದು ಅವಳ ಕೈಗೆ ರೈಫಲ್ ಕೊಟ್ಟರು.

ಅವಳು ಹಿಡಿದಳು. ಅಷ್ಟೇ ಆದದ್ದು. ದೀಪಾವಳಿ ಬರುವಷ್ಟರಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು. ಪಕ್ಕದ ಸಾಲಿನ ಮರಾಠಿ ಗೆಳೆಯರು "ವಹಿನೀ, ಆಜ್ ಕಾಯ್ ಖಾಉನ್ ಆಲಾತ್?" ಅತ್ತಿಗೆ, ಇವತ್ತು ಏನು ತಿಂದು ಬಂದಿರಿ, ಎಂದು ಅವಳನ್ನು ರೇಗಿಸುತ್ತಿದ್ದರು. ಅವಳು ತಿಂದು ಬಂದದ್ದು ನಾನು ತಿಂದದ್ದೇ, ಅದೇ ಉಪ್ಪಿಟ್ಟು. ನನ್ನನ್ನು ಯಾರೂ ಕೇಳಲಿಲ್ಲ.

ಏರ್ ರೈಫಲ್ಲಿಗೆ ಹಾಕುವ ಸೀಸದ ಗುಂಡು ಕಡಲೆಕಾಳಿಗಿಂತ ಚಿಕ್ಕದು. ಒಂದೇ ಡಬ್ಬಿಯಲ್ಲಿ ಬಂದ ಗುಂಡುಗಳಲ್ಲೂ ಕೂದಲೆಳೆಯಷ್ಟು ತೂಕದ ಹೆಚ್ಚುಕಡಿಮೆ ಇರುತ್ತದೆ. ಅವನ್ನು ತೂಗಿ, ಸಮತೂಕದವನ್ನು ಬೇರೆ ಮಾಡಿ ಪಂದ್ಯಕ್ಕೆ ಇಟ್ಟುಕೊಳ್ಳುವುದು ಹವ್ಯಾಸಿಗಳ ವಾಡಿಕೆ. ನಿಜವಾದ ಕಾಡತೂಸಿಗೆ ಮದ್ದು ತುಂಬುವವರಿಗಂತೂ ತಕ್ಕಡಿ ಪ್ರಾಣದ ಪ್ರಶ್ನೆ. ಮದ್ದು ಒಂದು ಚಿಟಿಕೆ ಹೆಚ್ಚಾದರೆ ಬಂದೂಕು ಕೈಯಲ್ಲೇ ಒಡೆಯಬಹುದು. ಸುಬೇದಾರರ ತಕ್ಕಡಿ ಆ ಕೆಲಸ ಮಾಡಿ ಬಂದದ್ದು. ಕ್ಲಬ್ಬಿನಲ್ಲಿ ಅದಕ್ಕೊಂದು ದೊಡ್ಡ ಹೆಸರಿತ್ತು. ಅದು ಹಿರಿಯ ಶಿಷ್ಯನಿಗೆ, ಅಂದರೆ ನನಗೆ ಬರುತ್ತದೆಂದು ನಾನು ನಂಬಿಕೊಂಡಿದ್ದೆ.

ಮುಂದಿನ ವಾರವೇ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. ಗಾಜಿನ ಮುಚ್ಚಳ, ನೀಲಿ ಅಂಕಿ, ಸರಿಯಾಗಿ ತೂಗುತ್ತಿದೆಯೇ ಎಂದು ನೋಡಲು ಜೊತೆಗೊಂದು ಹೊಳೆಯುವ ತೂಕದ ಬಟ್ಟು. ಭಾನುವಾರ ಬೆಳಿಗ್ಗೆ ಬಿಬವೇವಾಡಿಯ ನಮ್ಮ ಮನೆಯ ಊಟದ ಮೇಜಿನ ಎರಡು ತುದಿಗೆ ಎರಡು ತಕ್ಕಡಿ ಕೂತವು.

"ಫ್ಯಾನ್ ಬಂದ್ ಮಾಡ್ರಿ, ದಂಡಿಗಿ ನಿಲ್ಲವಲ್ದು" ಎಂದಳು ಅವಳು.

ಬಂದ್ ಮಾಡಿದೆ. ಫ್ಯಾನಿನ ಗಾಳಿಗೆ ನನ್ನ ಅಂಕಿಗಳೂ ಕುಣಿಯುತ್ತಿದ್ದವೆಂದು ಹೇಳಲಿಲ್ಲ. ಏಪ್ರಿಲ್ ಸೆಖೆಯಲ್ಲಿ ಇಬ್ಬರೂ ಬೆವರುತ್ತ ಕೂತೆವು. ನಾನು ಡಬ್ಬಿಯೊಂದನ್ನು ಮುಗಿಸಿ ಪೇಪರ್ ಓದತೊಡಗಿದರೂ ಅವಳದು ಅರ್ಧ ಆಗಿರುತ್ತಿರಲಿಲ್ಲ. ಪ್ರತಿ ಗುಂಡಿಗೂ ದಂಡಿಗೆ ಮೇಲೆ ಕೆಳಗೆ ತೂಗಾಡಿ ನಿಲ್ಲಬೇಕು. ಅವಳು ಗಲ್ಲವನ್ನು ಮೇಜಿಗೆ ಹಚ್ಚಿ, ಕಣ್ಣು ಗೀಟಿನ ಮಟ್ಟಕ್ಕೆ ತಂದು ಓದಬೇಕು.

"ಯಾವ ಕಾಲದಾಗ ಇದ್ದೀ?" ಎಂದೆ.

"ನಿಮ್ಮ ಮಷಿನ್ ಮುಂಜಾನೆ ಒಂದು ಹೇಳತದ, ಮಧ್ಯಾಹ್ನ ಒಂದು. ಕೋರ್ಟಿನ ಸಾಕ್ಷಿ ಹಂಗ" ಎಂದಳು.

ಅದು ನಿಜವಾಗಿತ್ತು. ಯಂತ್ರ ಹಚ್ಚಿ ಸ್ವಲ್ಪ ಹೊತ್ತು ಕಾಯದಿದ್ದರೆ, ಪಕ್ಕದಲ್ಲಿ ಮೊಬೈಲ್ ಬಡಿದುಕೊಂಡರೆ, ಬ್ಯಾಟರಿ ಇಳಿದರೆ ಅದರ ಮಾತು ಬದಲಾಗುತ್ತಿತ್ತು. ವಾದ ಮಾಡುವುದೇ ನನ್ನ ಅನ್ನ. ಆದರೂ ಎದ್ದು ಹೋಗಿ ಬ್ಯಾಟರಿ ಬದಲಿಸಿದೆ.

ಕೊನೆಗೆ ತಿಂಗಳ ಮಟ್ಟಿಗೆ ಅದಲುಬದಲು ಮಾಡೋಣವೇ ಎಂದು ಕೇಳಿದೆ. ಅವಳು ಒಂದಿಷ್ಟಾದರೂ ಹಿಂದೆಮುಂದೆ ನೋಡಲಿ ಎಂಬ ಆಸೆಯಿತ್ತು. "ತಗೋರಿ" ಎಂದು ತಕ್ಕಡಿಯನ್ನು ನನ್ನ ಕಡೆ ಸರಿಸಿ ಒಗ್ಗರಣೆ ಹಾಕಲು ಎದ್ದುಹೋದಳು. ಹಾಗೆ ಸುಲಭವಾಗಿ ಕೊಟ್ಟದ್ದು ಇನ್ನೂ ಉರಿಸಿತು. ನಾನು ಗಲ್ಲ ಹಚ್ಚಿ ತೂಗಿದೆ, ಕತ್ತು ಹಿಡಿಸಿಕೊಂಡೆ. ತಿಂಗಳು ಕಳೆದರೂ ಅವಳ ಅಂಕ ಅಲ್ಲೇ ಇತ್ತು, ನನ್ನದೂ ಅಲ್ಲೇ.

ಚಳಿಗಾಲದಲ್ಲಿ ಕ್ಲಬ್ಬಿನ ವಾರ್ಷಿಕ ಪಂದ್ಯ ಬಂತು. ಆ ಬೆಳಿಗ್ಗೆ ನನಗೆ ಏನಾಯಿತೋ ತಿಳಿಯದು. ಉಸಿರು ತಾನಾಗಿ ನಿಲ್ಲುತ್ತಿತ್ತು, ಬೆರಳು ತಾನಾಗಿ ಎಳೆಯುತ್ತಿತ್ತು. ಜೀವನದಲ್ಲೇ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಹೆಂಡತಿ ನಡುವೆ ಎಲ್ಲೋ ತಪ್ಪಿದಳು. ಒಂದು ಗುಂಡು ಕಪ್ಪು ವೃತ್ತದ ಅಂಚಿಗೆ ಹೋಯಿತು, ಆಮೇಲೆ ಹಿಡಿತ ಸಿಗಲೇ ಇಲ್ಲ. ಫಲಕದಲ್ಲಿ ನನ್ನ ಹೆಸರು ಅವಳ ಹೆಸರಿಗಿಂತ ಎಷ್ಟೋ ಮೇಲಿತ್ತು. ಆ ಗಳಿಗೆಯನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ! ತಿರುಗಿ ನೋಡಿದರೆ ಕ್ಲಬ್ಬಿನ ಅರ್ಧ ಜನ ಅವಳ ಸುತ್ತ ಇದ್ದರು. ಸಮಾಧಾನ ಹೇಳಲು ಹೋದವರನ್ನು ಅವಳೇ ನಗಿಸುತ್ತಿದ್ದಳು. ಸುಬೇದಾರರು ಪಕ್ಕದಲ್ಲಿ ಕೂತು ತೊಡೆ ತಟ್ಟಿಕೊಂಡು ನಗುತ್ತಿದ್ದರು. ನನ್ನ ಕೈ ಕುಲುಕಿದವನು ಅಂಕ ಬರೆಯುವ ಗುಮಾಸ್ತನೊಬ್ಬನೇ. ಗೆದ್ದ ದಿನವೂ ಹೊಟ್ಟೆಕಿಚ್ಚು ಪಡುವವನು ಈ ಪುಣೆಯಲ್ಲಿ ನಾನೊಬ್ಬನೇ ಇರಬೇಕು ಎನ್ನಿಸಿತು.

ಗೇಟಿನ ಹೊರಗೆ ಚಹಾ ಕುಡಿಯುವಾಗ ಸುಬೇದಾರರು ಒಬ್ಬರೇ ಸಿಕ್ಕರು. ತಡೆಯಲಾಗಲಿಲ್ಲ.

"ಸರ್, ಒಂದು ಮಾತು ಕೇಳತೇನಿ. ಆ ತಕ್ಕಡಿ ನನಗ್ಯಾಕ ಕೊಡಲಿಲ್ಲ?"

ಅವರು ಬಸಿಯಲ್ಲಿನ ಚಹಾ ಮುಗಿಸಿದರು. "ನಿಮಗ ಬೇಕಿತ್ತೇನ್ರಿ, ವಕೀಲರ? ನನಗ ಗೊತ್ತಾಗಲಿಲ್ಲ ನೋಡ್ರಿ." ಬಸಿ ಕೆಳಗಿಟ್ಟು ಮುಂದುವರಿಸಿದರು: "ರಿಟೈರ್ ಆದ ಮ್ಯಾಲ ಲೈಸೆನ್ಸ್ ಇದ್ದ ಒಂದು ಕ್ಲಬ್ಬಿನಾಗ ಕಾಡತೂಸು ತುಂಬೋ ಕೆಲಸ ಮಾಡತಿದ್ದೆ. ಆಗಲೇ ನನ್ನ ಕಣ್ಣು ಸೋತಿದ್ದವು. ನಮ್ಮ ಮನಿಯಾಕಿ ಬಂದು ಗೀಟು ಓದತಿದ್ದಳು, ನಾ ಮದ್ದು ಹಾಕತಿದ್ದೆ. ಆಕಿ ಹೋದ ಮ್ಯಾಲ ಪೆಟ್ಟಿಗಿ ತಗದಿರಲಿಲ್ಲ. ನಿಮ್ಮ ಮನಿಯವರು ಒಂದಿನ ಆಕಿ ಹೆಂಗ ಓದತಿದ್ದಳು ಅಂತ ಕೇಳಿದರು. ತೋರಸಬೇಕಂತ ಮನಿಯಾಗ ಪೆಟ್ಟಿಗಿ ತಗದೆ. ತಗದ ಮ್ಯಾಲ ಮತ್ತ ಮುಚ್ಚಿ ಇಡಲಿಕ್ಕೆ ಮನಸ್ಸಾಗಲಿಲ್ಲ."

ಮನೆಗೆ ಹೋಗುವಾಗ ಕಾರಿನಲ್ಲಿ ಹೆಂಡತಿಯನ್ನು ಕೇಳಿದೆ. "ಅವರ ಹೆಂಡತಿ ವಿಷಯ ನಿನಗ ಮೊದಲೇ ಗೊತ್ತಿತ್ತೇನು?"

"ಹೂಂ. ಭಾಳ ಸಲ ಹೇಳ್ಯಾರ."

"ನನಗ ಒಮ್ಮೆನೂ ಹೇಳಿಲ್ಲ."

"ನೀವು ಅವರ ಜೋಡಿ ಬರೇ ಸ್ಕೋರ್ ಮಾತಾಡತೀರಿ" ಎಂದು ಅವಳು ಕಿಟಕಿಯ ಗಾಜು ಏರಿಸಿದಳು. ನನ್ನ ಅಸೂಯೆಗೆ ನಿಲ್ಲಲು ಈಗ ನೆಲವಿರಲಿಲ್ಲ. ಆದರೂ ಅದು ಹೋಗಲಿಲ್ಲ. ಮೊದಲು ತಕ್ಕಡಿಯ ಮೇಲಿದ್ದದ್ದು ಈಗ ಆ ಮಾತುಕತೆಗಳ ಮೇಲೆ ತಿರುಗಿತು.

ಮರುವಾರ ನಾನೇ ಸುಬೇದಾರರನ್ನು ಊಟಕ್ಕೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೈ ತೊಳೆದು ಬಂದವರೇ ಕಪಾಟಿನ ಕಡೆ ನೋಡಿ, "ವಕೀಲರ, ಅದೇನ್ರಿ ನಿಮ್ಮ ಮಷಿನ್ನು? ಸ್ವಲ್ಪ ತೋರಸ್ರಿ" ಎಂದರು. ತಂದಿಟ್ಟೆ. ಹಚ್ಚಿದೆ. ನೀಲಿ ಅಂಕಿಗಳು ಅವರಿಗೆ ಕನ್ನಡಕವಿಲ್ಲದೆಯೂ ಕಂಡವು. ಅವರ ಮುಖ ಅರಳಿತು. "ಅರೇ, ನಾ ಓದಬಲ್ಲೆನಲ್ಲ!" ಎಂದು ಒಂದು ಗುಂಡಿಟ್ಟು ಓದಿದರು, ತೆಗೆದು ಇನ್ನೊಂದಿಟ್ಟು ಓದಿದರು. ಮದ್ದಿನ ಕೆಲಸಕ್ಕೆ ಯಾವುದು ವಾಸಿ ಎಂದು ಕೇಳಿದೆ. "ಒಂದನ್ನ ನಂಬಿ ಕುಂದರಬಾರದು ರೀ. ಇದರಾಗ ತೂಗಬೇಕು, ದಂಡಿಗಿಯಾಗ ಪರೀಕ್ಷಾ ಮಾಡಬೇಕು" ಎಂದರು. ಅಲ್ಲಿಂದ ಮಾತು ಬೆಳೆಯಿತು. ಬೆಳಗಾವಿಯ ಅವರ ಓಣಿ, ಮದುವೆಯಾದ ಹೊಸದರಲ್ಲಿ ಹೆಂಡತಿ ಬಂದೂಕಿನ ಸದ್ದಿಗೆ ಹೆದರುತ್ತಿದ್ದದ್ದು, ಎಲ್ಲ ಬಂತು. ನಾನು ಕೇಳಿದೆ, ಅವರು ಹೇಳಿದರು.

ಹೆಂಡತಿ ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿದಳು. ಮೂರನೆಯ ಸಲ ಮಜ್ಜಿಗೆಯ ಲೋಟ ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ಏನ್ ಸರ್, ಇವತ್ತು ನನ್ನ ಮಾತಾಡಸಂಗೇ ಇಲ್ಲೇನು?" ಎಂದಳು. ನಗುತ್ತಲೇ ಅಂದಳು. ಆದರೆ ಆ ದನಿಯ ತುದಿಯಲ್ಲಿದ್ದ ಖಾರ ನನಗೆ ಚೆನ್ನಾಗಿ ಪರಿಚಯವಿದ್ದದ್ದೇ.

ನಾನು ಕೇಳಿಸದವನಂತೆ ಕುರ್ಚಿಯನ್ನು ಸುಬೇದಾರರ ಹತ್ತಿರಕ್ಕೆ ಎಳೆದುಕೊಂಡು, "ಆಮ್ಯಾಲ ಏನಾತ್ರಿ?" ಎಂದೆ.