ಬಂದೂಕಿಲ್ಲದ ನವೆಂಬರ್

ರೇನೊ ಹಕಾಲಾ ತನ್ನ ಅರುವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಅಂಗಡಿಗೆ ಹೋಗಿ ಬಂದೂಕು ಕೇಳಿದ. ಅಲ್ಲಿಯವರೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಗರಗಸದ ಮಿಲ್ಲಿನಲ್ಲಿ ದುಡಿದ ಕಾಲದಲ್ಲೂ ನಿವೃತ್ತನಾದ ಮೇಲೂ ಮನೆಗೆ ಚಳಿಗಾಲದ ಮಾಂಸ ಬರುತ್ತಿದ್ದುದು ಅಪ್ಪ ಬಿಟ್ಟುಹೋದ ಬಂದೂಕಿನಿಂದಲೇ. ಆ ಬೇಸಿಗೆಯಲ್ಲಿ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ನಳಿಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ರಿಪೇರಿಯವನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಗೋಡೆಗೆ ನೇತುಹಾಕು. ಹೊಡೆಯೋಕೆ ಹೋದ್ರೆ ಜಿಂಕೆ ಉಳಿಯುತ್ತೆ, ನಿನ್ನ ಮುಖ ಉಳಿಯಲ್ಲ" ಎಂದ.

ದೊಡ್ಡ ಸರೋವರದ ದಂಡೆಯ, ಮಿಷಿಗನ್ ರಾಜ್ಯದ ಆ ಜಿಲ್ಲೆಯಲ್ಲಿ ನವೆಂಬರ್ ಹದಿನೈದರ ತೂಕ ಕ್ರಿಸ್‌ಮಸ್‌ಗೂ ಇಲ್ಲ. ಅಂದು ಜಿಂಕೆ ಬೇಟೆ ಶುರು. ಶಾಲೆಗೆ ರಜೆ, ಗ್ಯಾರೇಜಿಗೆ ಬೀಗ. ರೇನೊ ಮತ್ತು ಕ್ಲೆಮ್ ಟ್ರೆವಾರೊ ನಲವತ್ತು ವರ್ಷಗಳಿಂದ ಅಂದು ಒಂದೇ ಬೇಟೆ ಗುಡಿಸಲಿನಿಂದ ಹೊರಟು, ಜಿಂಕೆಗೆ ಕಾಣದಂತೆ ಕಟ್ಟಿದ ಒಂದೇ ಮರೆಯಲ್ಲಿ ಕೂತವರು. ಕ್ಲೆಮ್ ತಾಮ್ರದ ಗಣಿಯಲ್ಲಿದ್ದವನು. ಈಗ ಅವನ ಶ್ವಾಸಕೋಶ ಕೆಟ್ಟು, ಆಮ್ಲಜನಕದ ಸಿಲಿಂಡರನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಓಡಾಡುತ್ತಿದ್ದ. ಮುಂದಿನ ವರ್ಷದ ಬೇಟೆ ಅವನಿಗಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಅವನೇ ಊರಿಗೆಲ್ಲ ಹೇಳಿದ್ದ. ಈ ಒಂದು ನವೆಂಬರಿನಲ್ಲಿ ಅವನ ಪಕ್ಕದಲ್ಲಿ ಕೂರಬೇಕು ಎಂಬುದೇ ರೇನೊನ ಲೆಕ್ಕವಾಗಿತ್ತು.

ಅಂಗಡಿಯ ಡಾರ್ಲಾ ಅವನ ಗುರುತಿನ ಚೀಟಿ ನೋಡಿ, ಅರ್ಜಿ ತುಂಬಿಸಿ, ಹಿನ್ನೆಲೆ ತಪಾಸಣೆಗೆ ಫೋನ್ ಮಾಡಿದಳು. ಫೋನ್ ಇಟ್ಟ ಮೇಲೆ ಅವಳ ದನಿ ತಗ್ಗಿತು.

"ರೇನೊ, ಕೊಡಕೂಡದು ಅಂತಿದ್ದಾರೆ."

"ತಡ ಆಗುತ್ತೆ ಅಂತಲಾ?"

"ಇಲ್ಲ. ನಿರಾಕರಣೆ ಅಂದ್ರು. ಕಾರಣ ನನಗೂ ಹೇಳಲ್ಲ. ನೀವೇ ಬರೆದು ಕೇಳಬೇಕು."

ಹಿಂದೆ ಗುಂಡಿನ ಡಬ್ಬಿ ಹಿಡಿದು ನಿಂತಿದ್ದವನು ನಕ್ಕ. "ಏನಪ್ಪಾ ರೇನೊ, ಬ್ಯಾಂಕ್ ಗಿಂಕ್ ದೋಚಿದ್ಯಾ? ನಮಗೂ ಒಂದು ಮಾತು ಹೇಳೋದಲ್ವಾ!"

ಇಡೀ ಸಾಲು ನಕ್ಕಿತು. ರೇನೊನ ಕಿವಿ ಬಿಸಿಯಾಯಿತು. ಅವನು ಟೋಪಿ ಹಾಕಿಕೊಂಡು ಹೊರಬಂದ.

ಬರೆದು ಕೇಳಿದ್ದಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಬಂತು: ಮಾರಕ ವಸ್ತುವಿನಿಂದ ಹಲ್ಲೆ ಮಾಡಿದ ಮೊಕದ್ದಮೆಯೊಂದು ಅವನ ಹೆಸರಿನಲ್ಲಿ ಇನ್ನೂ ಬಾಕಿ ಇದೆ. ಅಂಥವರಿಗೆ ಬಂದೂಕು ಮಾರುವಂತಿಲ್ಲ.

ಹಲ್ಲೆ ಸುಳ್ಳಲ್ಲ. ಅವನಿಗಾಗ ಇಪ್ಪತ್ತೈದು. ಕೊಂಬಿದ್ದ ಗಂಡು ಜಿಂಕೆಯೊಂದಕ್ಕೆ ಎರಡು ದಿಕ್ಕಿನಿಂದ ಎರಡು ಗುಂಡು ಬಿದ್ದಿತ್ತು. ಮೊದಲು ರಕ್ತ ಹರಿಸಿದವನದೇ ಜಿಂಕೆ ಎಂಬುದು ಅಲ್ಲಿಯ ಕಟ್ಟಳೆ. ಯಾರದು ಮೊದಲು ಎಂಬ ಜಗಳದಲ್ಲಿ ರೇನೊ, ಅದುವರೆಗೆ ಮುಖಪರಿಚಯವೂ ಇಲ್ಲದ ಒಬ್ಬನ ದವಡೆಗೆ ಬಂದೂಕಿನ ಹಿಡಿಯಿಂದ ಬಾರಿಸಿದ. ಹಲ್ಲು ಮುರಿಸಿಕೊಂಡವನು ಕ್ಲೆಮ್. ಮೊಕದ್ದಮೆ ಎಳೆದೂ ಎಳೆದು ಮರುವರ್ಷದ ನವೆಂಬರ್ ಹದಿನಾಲ್ಕಕ್ಕೆ ವಿಚಾರಣೆಗೆ ಬಂತು. ಅಷ್ಟರಲ್ಲಿ ಕ್ಲೆಮ್‌ನ ಸಿಟ್ಟು ಇಳಿದಿತ್ತು. ತನ್ನ ದೂರೇನೂ ಇಲ್ಲ ಎಂದ. ನ್ಯಾಯಾಧೀಶರು ವಜಾ ಎಂದರು. ಅವರ ಕಪ್ಪು ನಿಲುವಂಗಿಯ ಕೆಳಗೆ ಬೇಟೆಯ ಕೆಂಪು ಚೌಕಳಿಯ ಷರಾಯಿ ಕಾಣುತ್ತಿತ್ತು. ಸರ್ಕಾರಿ ವಕೀಲರು ಆಗಲೇ ಬೂಟಿನ ದಾರ ಕಟ್ಟುತ್ತಿದ್ದರು. ಮರುದಿನದ ಬೆಳಕಿಗೆ ಎಲ್ಲರೂ ಕಾಡು ಸೇರಬೇಕಿತ್ತು. ಆದೇಶವನ್ನು ಬೇಟೆ ಮುಗಿಸಿ ಬಂದು ಬರೆದರಾಯಿತು ಅಂದುಕೊಂಡರು. ಯಾರೂ ಬರೆಯಲಿಲ್ಲ. ಕೋರ್ಟಿನ ಮೆಟ್ಟಿಲ ಬಳಿ ಕ್ಲೆಮ್‌ನ ಗಾಡಿ ಚಾಲೂ ಆಗದೆ ಹೋಯಿತು. ರೇನೊ ಅವನನ್ನು ತನ್ನ ಗಾಡಿಗೆ ಹತ್ತಿಸಿಕೊಂಡ. ಇಬ್ಬರ ಮೊದಲ ಬೇಟೆ ಅದೇ.

ಹಳೆಯ ಕಡತಗಳನ್ನೆಲ್ಲ ಇತ್ತೀಚೆಗೆ ಕಂಪ್ಯೂಟರಿಗೆ ತುಂಬಿಸಿದಾಗ ಈ ಕೊನೆಯಿಲ್ಲದ ಮೊಕದ್ದಮೆಯೂ ಎದ್ದು ಕೂತಿತ್ತು.

"ಆರೋಪ ಇದೆ, ಮುಂದೂಡಿದ್ದೂ ಇದೆ, ತೀರ್ಪು ಮಾತ್ರ ಇಲ್ಲ," ಎಂದಳು ಕೋರ್ಟಿನ ಗುಮಾಸ್ತೆ. "ಏಟು ತಿಂದವರು ಬದುಕಿದ್ದಾರಾ?"

"ಇದ್ದಾನೆ."

"ಮತ್ತೇನು! ಅವರು ಬಂದು ಪ್ರಮಾಣ ಮಾಡಿ ಹೇಳಿದ್ರೆ ಈಗಿನ ಜಡ್ಜ್ ಆದೇಶ ಬರೆದುಕೊಡ್ತಾರೆ. ಕರ್ಕೊಂಡು ಬನ್ನಿ."

ರೇನೊ ಕರೆದುಕೊಂಡು ಬರಲಿಲ್ಲ. ಉಸಿರಿಗೇ ಒದ್ದಾಡುವ ಮನುಷ್ಯನ ಮುಂದೆ ಹೋಗಿ, ನಾನು ಹಿಂದೆ ನಿನ್ನ ಹಲ್ಲು ಮುರಿದದ್ದಕ್ಕೆ ಈಗ ನೀನೇ ಸಾಕ್ಷಿ ಹೇಳು ಅನ್ನಲು ಬಾಯಿ ಬರಲಿಲ್ಲ. ಬಂದೂಕು ಇನ್ನೂ ಅಂಗಡಿಗೆ ಬಂದಿಲ್ಲ ಎಂದು ಕ್ಲೆಮ್‌ಗೆ ಸುಳ್ಳು ಹೇಳಿದ. ಆಗಿನ ನ್ಯಾಯಾಧೀಶರನ್ನು ಹುಡುಕಿದ, ತೀರಿಕೊಂಡಿದ್ದರು. ವಕೀಲರನ್ನು ಹುಡುಕಿದ, ಅವರಿಗೆ ತಮ್ಮ ಮಗಳ ಹೆಸರೇ ನೆನಪಿರಲಿಲ್ಲ. ಹೀಗೇ ಅಕ್ಟೋಬರ್ ಸವೆಯಿತು. ಮೇಪಲ್ ಮರಗಳು ಬೋಳಾದವು.

"ನನ್ನ ಹೆಸರಲ್ಲಿ ತಗೊಂಡುಬಿಡ್ಲಾ?" ಎಂದಳು ಹೆಂಡತಿ ಇರ್ಮಾ.

"ಅದು ಅಪರಾಧ ಕಣೇ. ಇಲ್ಲದ ಕೇಸ್ ಒಂದಿದೆ, ಇರೋ ಕೇಸ್ ಬೇರೆ ಬೇಕಾ?"

"ಹಂಗಾದ್ರೆ ಕ್ಲೆಮ್‌ಗೆ ಹೇಳು. ನಿನ್ನ ಮರ್ಯಾದೆ ಏನೂ ಕರಗಲ್ಲ."

ಕೊನೆಗೆ ಹೇಳಿದ. ಕ್ಲೆಮ್‌ಗೆ ನಕ್ಕೂ ನಕ್ಕು ಕೆಮ್ಮು ಹತ್ತಿ, ಅವನ ಹೆಂಡತಿ ನೊರೀನ್ ಬೆನ್ನು ನೀವಬೇಕಾಯಿತು.

"ನಲವತ್ತು ವರ್ಷ ಒಬ್ಬ ಆರೋಪಿ ಜೊತೆ ಗುಡಿಸಲಲ್ಲಿ ಮಲಗಿದ್ನಲ್ಲೇ ನೊರೀನ್! ಕತ್ತು ಕುಯ್ದಿದ್ರೆ?" ಆಮೇಲೆ ಕಣ್ಣೊರೆಸಿಕೊಂಡು, "ಲೋ ಪೆದ್ದ, ಸೆಪ್ಟೆಂಬರಲ್ಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದ.

ಸಿಲಿಂಡರ್ ಎಳೆದುಕೊಂಡೇ ಅವನು ಕೋರ್ಟಿನ ಮೆಟ್ಟಿಲು ಹತ್ತಿದ. ಈಗಿನ ನ್ಯಾಯಾಧೀಶೆ ಎಲ್ಲವನ್ನೂ ಕೇಳಿ, ಹಳೆಯ ವಜಾವನ್ನು ಹೊಸದಾಗಿ ಬರೆದು ಸಹಿ ಹಾಕಿದರು.

"ಅಂದ್ರೆ ಕಾನೂನಿನ ಪ್ರಕಾರ ಇವನ ಮೇಲೆ ಏನೂ ಇಲ್ವಾ, ಅಮ್ಮಾ?" ಎಂದು ಕ್ಲೆಮ್ ಬಾಯಿ ತೆರೆದು ತೋರಿಸಿದ. "ಹಂಗಾದ್ರೆ ಈ ಹಲ್ಲು ತಾನಾಗೇ ಮುರೀತಾ?"

ರೇನೊ ಶೆರೀಫನ ಕಚೇರಿಯಲ್ಲಿ ಹತ್ತೂ ಬೆರಳಿನ ಗುರುತು ಕೊಟ್ಟು, ಆದೇಶದ ಪ್ರತಿ ಸೇರಿಸಿ ಮೇಲ್ಮನವಿ ಕಳಿಸಿದ. ಅಂಥ ಮನವಿಗಳು ಸಾಲಿನಲ್ಲಿ ಕಾಯಬೇಕು. ನವೆಂಬರ್ ಹದಿನಾಲ್ಕರ ಟಪಾಲಿನಲ್ಲೂ ಉತ್ತರವಿರಲಿಲ್ಲ. ಸಂಜೆ ಕ್ಲೆಮ್ ಫೋನ್ ಮಾಡಿದ.

"ಎಷ್ಟೊತ್ತಿಗೆ ಬರ್ತೀಯ?"

"ಇನ್ನೂ ಬಂದಿಲ್ಲ ಕಣೋ, ಉತ್ತರ."

"ಉತ್ತರಾನ ಯಾರು ಕೇಳಿದ್ರು? ನೀನು ಬಾ. ಸುಮ್ನೆ ಕೂತಿರು."

"ಬಂದೂಕಿಲ್ದೆ ಬಂದು ಏನ್ ಮಾಡ್ಲಿ? ನಿನ್ನ ಮಾಂಸದ ಕಡುಬು, ಆ ಪಾಸ್ಟಿ, ಬಿಸಿ ಮಾಡ್ಕೊಂಡಿರ್ಲಾ?"

"ಮಾಡು. ಗುರಿ ಹಿಡಿಯೋದಕ್ಕಿಂತ ಅದನ್ನೇ ನೀನು ಚೆನ್ನಾಗಿ ಮಾಡ್ತೀಯ."

ರೇನೊ ನಗಲಿಲ್ಲ. ಮರೆಯಲ್ಲಿ ಬರಿಗೈಯಲ್ಲಿ ಕೂರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಆದರೆ ಅಡ್ಡರಸ್ತೆಯ ಹೋಟೆಲಿನಲ್ಲಿ ಅಂದು ಬೆಳಗ್ಗೆ ಊರಿನ ಗಂಡಸರೆಲ್ಲ ಕಾಫಿಗೆ ಸೇರುತ್ತಾರೆ. ಬಂದೂಕಿಲ್ಲದೆ ಬೇಟೆಯ ಕಿತ್ತಳೆ ಕೋಟು ತೊಟ್ಟು ಅವರ ನಡುವೆ ಹಾದುಹೋಗುವುದನ್ನು ಅವನು ಎಷ್ಟು ಸಲ ಊಹಿಸಿಕೊಂಡರೂ ಆಗಲಿಲ್ಲ. ಹೆಸರು ಚೊಕ್ಕವಾದ ಮೇಲೇ ಹೋಗುತ್ತೇನೆ ಎಂದುಕೊಂಡ. ಡಾಕ್ಟರ ಲೆಕ್ಕ ಯಾವಾಗಲೂ ಸರಿಯಿರಬೇಕೆಂದೇನೂ ಇಲ್ಲ, ಮುಂದಿನ ವರ್ಷವೂ ಇದೆ ಎಂದೂ ಅಂದುಕೊಂಡ.

ಬೆಳಗ್ಗೆ ಕ್ಲೆಮ್‌ನನ್ನು ಕೂರಿಸಿಕೊಂಡಿದ್ದ ಅವನ ಸೋದರಳಿಯನ ಗಾಡಿ ಮನೆಯ ಮುಂದೆ ನಿಧಾನಿಸಿ, ಒಂದು ಸಲ ಹಾರನ್ ಮಾಡಿ ಮುಂದೆ ಹೋಯಿತು. ರೇನೊ ಅಡುಗೆಮನೆಯ ಕಿಟಕಿಯಿಂದ ನೋಡಿದ.

"ಇನ್ನೂ ಹೊತ್ತಾಗಿಲ್ಲ," ಎಂದಳು ಇರ್ಮಾ. "ನಾನು ಬಿಟ್ಟುಬರ್ಲಾ?"

ಅವನು ಸೌದೆ ಒಡೆಯಲು ಹಿತ್ತಲಿಗೆ ಹೋದ. ದೂರದ ಬೆಟ್ಟದ ಕಡೆಯಿಂದ ಗುಂಡಿನ ಸದ್ದು ಕೇಳುತ್ತಲೇ ಇತ್ತು. ಯಾವುದಾದರೂ ಒಂದು ಕ್ಲೆಮ್‌ನದಿರಬಹುದೆಂದು ಪ್ರತಿ ಸದ್ದಿಗೂ ಕೊಡಲಿ ತಡೆದು ಕಿವಿಗೊಟ್ಟ.

ಜನವರಿಯಲ್ಲಿ ಕ್ಲೆಮ್ ಹೋದ. ಹಿಮ ಕರಗತೊಡಗಿದ ಮೇಲೆ ರೇನೊನಿಗೆ ಉತ್ತರ ಬಂತು: ನಿರಾಕರಣೆ ತಪ್ಪು, ರದ್ದು ಮಾಡಲಾಗಿದೆ. ಡಾರ್ಲಾ ಆ ಬಂದೂಕನ್ನು ಅವನಿಗೆಂದೇ ಮಾರದೆ ಇಟ್ಟಿದ್ದಳು. ಈ ಸಲ ಫೋನ್ ಇಡುವುದರೊಳಗೆ ಒಪ್ಪಿಗೆ ಸಿಕ್ಕಿತು. "ನೋಡಿ, ಇಷ್ಟೇ!" ಎಂದು ಅವಳು ಖುಷಿಯಿಂದ ಕೈಕುಲುಕಿದಳು. ಅವನಿಗೂ ಖುಷಿಯಾಗಬೇಕಿತ್ತು.

ಮನೆಗೆ ಹೋಗುವ ಬದಲು ಅವನು ನೊರೀನ್ ಮನೆಗೆ ಗಾಡಿ ತಿರುಗಿಸಿದ. ಅವಳು ಕಾಫಿ ಬಸಿದುಕೊಟ್ಟಳು. ವಿಷಯ ಹೇಳಿದ.

"ಒಳ್ಳೇದಾಯ್ತು," ಎಂದಳು. ತನ್ನ ಲೋಟಕ್ಕೂ ಕಾಫಿ ಬಸಿದುಕೊಂಡು, "ಬೇಟೆ ಶುರುವಾದ ದಿನ ಕ್ಲೆಮ್ ಕೂಡ ಬಂದೂಕು ತಗೊಂಡುಹೋಗಿರ್ಲಿಲ್ಲ" ಎಂದಳು.

ರೇನೊ ತಲೆಯೆತ್ತಿದ.

"ಅಕ್ಟೋಬರಿಂದಲೇ ಅದನ್ನ ಎತ್ತೋಕೆ ಆಗ್ತಿರ್ಲಿಲ್ಲ ಅವನಿಗೆ. ಒಂದು ಫ್ಲಾಸ್ಕು, ಎರಡು ಪಾಸ್ಟಿ, ಅಷ್ಟೇ ತಗೊಂಡುಹೋಗಿದ್ದು. 'ರೇನೊಗೆ ಬಂದೂಕಿಲ್ಲ, ನನಗೆ ತೋಳಿಲ್ಲ, ಜಿಂಕೆಗಳೇ ಬಂದು ನಮ್ಮನ್ನ ನೋಡ್ಕೊಂಡು ಹೋಗ್ಲಿ' ಅಂತಿದ್ದ."

"ನನಗೆ ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಬೇಕಿತ್ತು, ರೇನೊ? ನೀನು ಬಂದಾಗೆಲ್ಲ ಬರೀ ಆ ಕೇಸಿನ ಮಾತು. ಅವನ ತೋಳು ಹೆಂಗಿದೆ ಅಂತ ಕೇಳಿದ್ಯಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಸುಮ್ನೆ ಬಾ ಅಂತ ಕರೆದ್ನಲ್ಲ. ಬರ್ತೀಯ ಅಂದ್ಕೊಂಡಿದ್ದ."

ರೇನೊ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ. ನೊರೀನ್ ಕಿಟಕಿಯಾಚೆ ಅವನ ಗಾಡಿಯ ಕಡೆ ನೋಡಿ, "ಗಾಡೀಲಿದ್ಯಾ ಅದು? ತಗೊಂಡು ಬಾ, ನೋಡೋಣ. ಅವನಿದ್ದಿದ್ರೆ ಮೊದಲು ಅವನೇ ಹೆಗಲಿಗೆ ಹಚ್ಚಿ ನೋಡ್ತಿದ್ದ" ಎಂದಳು.

"ತರ್ತೀನಿ," ಎಂದು ಅವನು ಎದ್ದು ಹೊರಗೆ ಹೋದ. ಗಾಡಿಯ ಬಾಗಿಲು ತೆರೆದು ಒಳಗೆ ಕೂತ. ಬಂದೂಕು ಹೊಸ ಡಬ್ಬಿಯಲ್ಲಿ ಪಕ್ಕದ ಸೀಟಿನ ಮೇಲೆ ಮಲಗಿತ್ತು. ಅದನ್ನು ಎತ್ತಿಕೊಳ್ಳಲೂ ಆಗದೆ, ಗಾಡಿ ಚಾಲೂ ಮಾಡಲೂ ಆಗದೆ ಅವನು ಅಲ್ಲೇ ಇದ್ದ. ಕೊನೆಗೆ ನೊರೀನ್ ಶಾಲು ಹೊದ್ದು ಬಂದು, ಏನನ್ನೂ ಕೇಳದೆ, ಗಾಜಿನ ಮೇಲೆ ಮೆಲ್ಲಗೆ ಬೆರಳು ತಟ್ಟಿದಳು.