ಸರಿ ಅನ್ನುವ ಪ್ರತಿಭೆ

ಹುಟ್ಟಿನಿಂದ ಬಂದ ಪ್ರತಿಭೆಯನ್ನು ಗುರುತಿಸಿಕೊಡುತ್ತೇನೆಂದು ತರಬೇತುದಾರರೊಬ್ಬರು ಪೀಳಮೇಡಿನ ನಮ್ಮ ಆಫೀಸಿಗೆ ಬಂದಿದ್ದರು. ಮಾತೆಲ್ಲ ತಮಿಳು. ಕರ್ನಾಟಕದಿಂದ ಆಗಷ್ಟೇ ಬಂದಿದ್ದ ನಾನು, ಎರಡೂ ಭಾಷೆಗೆ ಸಲ್ಲುವ ‘ಸರಿ’ಯನ್ನೇ ನಂಬಿಕೊಂಡು, ಅವರು ಏನು ಕೇಳಿದರೂ ತಲೆಯಾಡಿಸಿ "ಸರಿ ಸರ್" ಅಂದೆ.

ನಮ್ಮ ಮ್ಯಾನೇಜರ್ ಇಲ್ಲಿಯವರೇ, ಮನೆಮಾತು ಕನ್ನಡ. "ಇಷ್ಟು ತಾಳ್ಮೆಯಿಂದ ಕೇಳೋರು ಅಪರೂಪವಂತೆ, ತಂಬಿ. ಅದೇ ನಿನ್ನ ತಿರಮೆ, ಹುಟ್ಟು ಪ್ರತಿಭೆಯಂತೆ," ಎಂದು ಸಿಬ್ಬಂದಿಯ ದೂರು ಕೇಳುವ ಕೆಲಸವನ್ನು ನನಗೇ ಕೊಟ್ಟರು.

ಬಂದವರು ತಮಿಳಿನಲ್ಲಿ ಗೋಳು ಹೇಳಿಕೊಳ್ಳುತ್ತಾರೆ. ನಾನು ಸರಿ ಅನ್ನುತ್ತೇನೆ. ಹಗುರಾಗಿ ಎದ್ದು ಹೋಗುತ್ತಾರೆ. "ತಮಿಳು ಕಲೀಲಾ ಸರ್?" ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಗಾಬರಿಯಾದರು. "ಬೇಡ ತಂಬಿ, ಇರೋ ತಿರಮೆ ಕೆಟ್ಟೋಗುತ್ತೆ."

ಆದರೂ ಕೇಳಿ ಕೇಳಿ ಕಿವಿಗೆ ಹತ್ತಿತು. ನಿನ್ನೆ ಮೊದಲ ಸಲ ಒಂದು ದೂರು ಪೂರ್ತಿ ಅರ್ಥವಾಯಿತು. ಅದು ನನ್ನ ಮೇಲೇ ಇತ್ತು.

ಸರಿ ಅಂದೆ. ಹಗುರಾಗಿ ಎದ್ದು ಹೋದರು.